ಪರಮಣ್ಣನ ಗೊಟ್ಟ, ಖಾತುನಳ ಆಡು

ಕುಡಚಡೆಯ ರೈಲು ನಿಲ್ದಾಣದ ಹಿಂದಿನ ಓಣಿ. ೧೯೮೯ರ ಬೇಸಿಗೆ. ಸಂಜೆಯಾದರೆ ಸಾಕು, ಪರಮಣ್ಣನ ಎಮ್ಮೆ ತನ್ನ ಗೂಟಕ್ಕೇ ಎಡವುತ್ತಿತ್ತು. ಹಗಲು ನೆಟ್ಟಗೆ ನಡೆಯುವ ಪ್ರಾಣಿ, ಬೆಳಕು ಇಳಿದ ಮೇಲೆ ಗೋಡೆಗೆ ಮೂತಿ ತಾಗಿಸಿ ನಿಲ್ಲುತ್ತಿತ್ತು. ಹೋದ ಸಲ ಅದು ಈದ ಕರು ಕುರುಡಾಗಿ ಹುಟ್ಟಿ, ನಾಲ್ಕೇ ದಿನಕ್ಕೆ ಸತ್ತಿತ್ತು. ಈಗ ಮತ್ತೆ ಎಂಟು ತಿಂಗಳ ಗಬ್ಬ. ಪರಮಣ್ಣನ ಹೆಂಡತಿ ಹುಲಿಗೆವ್ವನಿಗೆ ಇದೊಂದೇ ಚಿಂತೆ. ಈ ಕರುವಾದರೂ ಕಣ್ಣು ಬಿಟ್ಟು ನೋಡಬೇಕು.

ದನದ ದವಾಖಾನೆಯ ಡಾಕ್ಟರು ಕಣ್ಣಿಗೆಂದು 'ಎ' ವಿಟಮಿನ್ ಔಷಧದ ಬಾಟಲಿ ಕೊಟ್ಟಿದ್ದರು. ಪರಮಣ್ಣ ಗೋಡೆಗೆ ತೂಗುಹಾಕಿದ್ದ, ದನದ ಗಂಟಲಿಗೆ ಔಷಧ ಸುರಿಯುವ ಬಿದಿರಿನ ಗೊಟ್ಟ ಇಳಿಸಿದ. ಬಾದಾಮಿ ಕಡೆಯಿಂದ ಇಲ್ಲಿಗೆ, ರೈಲಿಗೆ ಅದಿರು ತುಂಬುವ ಕೆಲಸಕ್ಕೆ ಬಂದಾಗ ತಂದಿದ್ದ, ಅಪ್ಪನ ಕಾಲದ ಗೊಟ್ಟ. ಓಣಿಯಲ್ಲಿ ಯಾರ ದನಕ್ಕೆ ಔಷಧ ಕುಡಿಸಬೇಕಾದರೂ ಅವನಿಗೇ ಕರೆ. ಪರಮಣ್ಣ ಗೊಟ್ಟ ಹಿಡಿದರೆ ರೈಲಿನ ಇಂಜಿನ್ನೂ ಬಾಯಿ ತೆರೆಯುತ್ತದೆ ಎಂದು ಜನ ನಗುತ್ತಿದ್ದರು. ಅವನಿಗೂ ಆ ಮಾತು ಇಷ್ಟವೇ.

ಎಮ್ಮೆಯ ತಲೆ ಮೇಲೆತ್ತಿ, ನಾಲಿಗೆ ಜಗ್ಗಿ ಹಿಡಿದ. ಅಷ್ಟರಲ್ಲಿ ಪಕ್ಕದ ಮನೆಯ ಖಾತುನ ಓಡಿ ಬಂದಳು. ಆಡು ಸಾಕುವ ಹೆಂಗಸು, ಮಾತು ಕಡಿಮೆ.

"ತಡೀರಿ ಅಣ್ಣಾರ, ಗೊಟ್ಟ ಬ್ಯಾಡ್ರಿ."

"ಯಾಕ ತಂಗಿ? ಗೊಟ್ಟ ಇಲ್ದ ಔಷಧ ಹೊಟ್ಟಿಗೆ ಹೆಂಗ ಹೋಗ್ತದ? ನಮ್ಮಪ್ಪನೂ ಹಿಂಗ ಹಾಕತಿದ್ದ."

ಖಾತುನ ವಾದ ಮಾಡಲಿಲ್ಲ. ಹುಲಿಗೆವ್ವನಿಂದ ಒಂದು ಲೋಟ ನೀರು ತರಿಸಿ ಅವನ ಕೈಗೆ ಕೊಟ್ಟಳು.

"ಹೊಟ್ಟಿಗೆ ಹೋಗ್ತದೋ, ಮತ್ತೆಲ್ಲಿ ಹೋಗ್ತದೋ ನೀವ ನೋಡ್ರಿ. ತಲಿ ಹಿಂದಕ್ಕ ಹಾಕ್ರಿ, ನಾಲಿಗಿ ಹೊರಗ ಚಾಚ್ರಿ. ಹಂಗ ಇಟಗೊಂಡು ಒಂದ ಗುಟುಕು ನುಂಗ್ರಿ."

ಪರಮಣ್ಣ ಎಮ್ಮೆಯನ್ನು ಬಿಟ್ಟು, ನಗುತ್ತಲೇ ನುಂಗಲು ಹೋದ. ನೀರು ಮೂಗಿನಿಂದ ಬಂತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಹುಲಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನಗಬ್ಯಾಡ ಸುಮ್ನಿರು," ಪರಮಣ್ಣನಿಗೆ ಸಿಟ್ಟು ಬಂದಿತ್ತು. "ನನ್ನ ಗೊಟ್ಟದಿಂದ ಇಲ್ಲೀತನಾ ಒಂದ ಪ್ರಾಣಿನೂ ಸತ್ತಿಲ್ಲ."

ಖಾತುನ ಅವನ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟಳು.

"ನಮ್ಮ ಕರೀ ಆಡು ಸತ್ತೈತ್ರಿ," ಎಂದಳು. "ರಮಜಾನಕ್ಕ ಮೊದಲ ನೀವು ಗೊಟ್ಟ ಹಾಕಿ ಹೋದ್ರಿ. ಅವತ್ತ ಸಂಜಿಂದ ಕೆಮ್ಮಾಕತ್ತು. ಮೂರನೇ ದಿನ ಹೋತು. ಔಷಧ ಉಸಿರಿನ ದಾರಿ ಹಿಡದು ಎದಿಯಾಗ ಇಳದೈತಿ ಅಂದ್ರು ಡಾಕ್ಟರು."

"ಅವಾಗ ಯಾಕ ಹೇಳಲಿಲ್ಲ?"

"ಕರದಾಕಿ ನಾನ. ನೀವು ಕೆಲಸ ಬಿಟ್ಟು ಬಂದಿದ್ರಿ. ನಿಮ್ಮ ಮನಸ್ಸು ನೋಯಬಾರದು ಅಂತ ಸುಮ್ಕಾದೆ. ಇವತ್ತೂ ಸುಮ್ಕ ಕುಂತ್ರ ನಿಮ್ಮ ಎಮ್ಮಿನೂ ಹೋಗ್ತದ, ಕರುನೂ ಹೋಗ್ತದ."

ಪರಮಣ್ಣ ಗೊಟ್ಟವನ್ನು ಗೋಡೆಗೆ ಒರಗಿಸಿದ. ಅವನಿಗೆ ನಾಚಿಕೆಯಾಗಿತ್ತು, ದುಃಖವೂ ಆಗಿತ್ತು.

"ಮತ್ತ ಹೆಂಗ ಕೊಡೂದು, ನೀನ ಹೇಳವ್ವಾ."

"ಆಡು ಸತ್ತಾಗ ಡಾಕ್ಟರು ನನಗ ಹೇಳಿಕೊಟ್ಟಾರ. ಮುಂಜಾನೆ ಎಮ್ಮಿ ಹಸದಿರ್ತದ. ಎರಡ ಹಿಡಿ ಬೂಸಾ ತಣ್ಣೀರಾಗ ಕಲಸ್ರಿ. ಬಿಸಿನೀರು ಬ್ಯಾಡ, ಕಾವಿಗೆ ವಿಟಮಿನ್ ಹಾಳಾಗ್ತದ. ಡಾಕ್ಟರು ಹೇಳಿದಷ್ಟ ಔಷಧ ಹಾಕಿ, ತಾನ ತಿನ್ನಾಕ ಬಿಡ್ರಿ. ಪೂರಾ ನೆಕ್ಕಿದ ಮ್ಯಾಲೆ ಉಳದ ಮೇವು ಹಾಕ್ರಿ. ಬಾಟ್ಲಿ ಒಲಿ ಹತ್ರ ಇಡಬ್ಯಾಡ್ರಿ, ಬಿಸಲಾಗೂ ಇಡಬ್ಯಾಡ್ರಿ."

"ಇಷ್ಟ ಮಾಡಿದ್ರ ಸಾಕೇನು?" ಹುಲಿಗೆವ್ವ ಕೇಳಿದಳು.

"ಸಾಲಂಗಿಲ್ಲಕ್ಕಾ. ಬಾಯಿಲೆ ಕೊಟ್ಟದ್ದು ಮೆಲಕು ಹಾಕೋ ಹೊಟ್ಯಾಗ ಒಂದಿಷ್ಟು ಹಾಳಾಗ್ತದ. ಗಬ್ಬದ ಎಮ್ಮಿಗೆ ಸೂಜಿನೂ ಬೇಕಾಗಬಹುದು, ಡಾಕ್ಟರನ್ನ ಕೇಳ್ರಿ. ಮತ್ತ ಬರೇ ಒಣಹುಲ್ಲ ಹಾಕಾಕತ್ತೀರಿ. ಅದರಾಗ ಕಣ್ಣಿನ ಸತ್ವ ಎಲ್ಲಿ ಉಳದಿರ್ತದ?"

"ಹಸೀ ಹುಲ್ಲಿನ ಮ್ಯಾಲೆ ಅದಿರಿನ ಕೆಂಪು ಧೂಳ ಕುಂತಿರ್ತದಲ್ಲವ್ವಾ?"

"ತೊಳದು ಹಾಕ್ರಿ. ಕಾಯಿಪಲ್ಯ ತೊಳದು ನಾವು ತಿನ್ನಂಗಿಲ್ಲೇನು?"

ಮರುದಿನದಿಂದ ಹಾಗೆಯೇ ನಡೆಯಿತು. ಡಾಕ್ಟರು ಬಂದು ಸೂಜಿ ಹಾಕಿದರು. ಪರಮಣ್ಣ ಕೆಲಸದಿಂದ ಬರುವಾಗ ಹಸಿ ಹುಲ್ಲು ತಂದು, ನಲ್ಲಿಯ ಕೆಳಗೆ ತೊಳೆದು ಹಾಕತೊಡಗಿದ. ಒಂದು ತಿಂಗಳು ಕಳೆಯುವುದರೊಳಗೆ ಎಮ್ಮೆ ಗೂಟಕ್ಕೆ ಎಡವುವುದನ್ನು ಬಿಟ್ಟಿತು.

ಒಂದು ದಿನ ಹೊತ್ತು ಮೂಡುವಾಗ ಎಮ್ಮೆ ಈದಿತು. ಹೆಣ್ಣುಗರು. ಪರಮಣ್ಣ ಅದರ ಮುಖದ ಮುಂದೆ ಕೈ ಆಡಿಸಿದ. ಕೈ ಹೋದ ಕಡೆ ಕರು ತಲೆ ತಿರುಗಿಸಿತು. ತಡವರಿಸುತ್ತ ಎದ್ದು, ತಾನಾಗಿ ಕೆಚ್ಚಲಿನ ಕಡೆ ನಡೆಯಿತು.

ಹುಲಿಗೆವ್ವ ಗಿಣ್ಣು ಮಾಡಿದಳು. ಮೊದಲ ತಟ್ಟೆಯನ್ನು ಪರಮಣ್ಣ ತಾನೇ ಖಾತುನಳ ಮನೆಗೆ ಒಯ್ದ.

"ಕರೀ ಆಡಿನ ಸಲುವಾಗಿ ತಪ್ಪಾತು ತಂಗಿ," ಎಂದ.

ಈಗಲೂ ಓಣಿಯವರು ಔಷಧ ಕುಡಿಸಲು ಪರಮಣ್ಣನನ್ನೇ ಕರೆಯುತ್ತಾರೆ. ಅವನು ಗೊಟ್ಟ ತರುವುದಿಲ್ಲ, ಬೂಸಾ ಕಲಸುವ ಬೋಗುಣಿ ತರುತ್ತಾನೆ. ಮೊದಲು ಖಾತುನಳ ಆಡಿನ ಕಥೆ ಹೇಳಿ, ಆಮೇಲೆಯೇ ಬಾಟಲಿಯ ಮುಚ್ಚಳ ತೆಗೆಯುತ್ತಾನೆ.

ದನ, ಎಮ್ಮೆ, ಆಡು ಸಾಕುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗೊಟ್ಟ ಕೆಳಗಿಡಿ. ಡಾಕ್ಟರನ್ನು ಕೇಳಿ, ವಿಟಮಿನ್ ಔಷಧವನ್ನು ತಣ್ಣನೆಯ ಮೇವಿನಲ್ಲಿ ಕಲಸಿ ಕೊಡಿ. ದಿನವೂ ಒಂದಿಷ್ಟು ಹಸಿ ಹುಲ್ಲು ತೊಳೆದು ಹಾಕಿ. ನೆರೆಮನೆಯವರು ತಪ್ಪು ಮಾಡುತ್ತಿದ್ದರೆ ದಾಕ್ಷಿಣ್ಯಕ್ಕೆ ಸುಮ್ಮನಿರಬೇಡಿ. ಉಸಿರು ಕಟ್ಟುತ್ತಿದೆ ಎಂದು ಹೇಳಲು ಆಡಿಗೆ ಮಾತು ಬರುವುದಿಲ್ಲ. ನಮಗೆ ಬರುತ್ತದೆ.