ಕೈ ಬ್ಯಾಟಲ್ಲ

ಸತ್ಯವತಿ ಹಿತ್ತಲ ನಲ್ಲಿಯಡಿ ಅಂಪೈರ್ ಮಾಸ್ಕಿನ ಮೆತ್ತೆಗಳಿಗೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು. ಸೋಪು ಹಾಕಿದರೆ ಮುಂದಿನ ಆಟದಲ್ಲಿ ಬೆವರಿನ ಜೊತೆ ಇಳಿದು ಕಣ್ಣು ಉರಿಯುತ್ತದೆ. ಅಮೆರಿಕದ ಫ್ರೀಮಾಂಟಿನ ಮಕ್ಕಳ ಬೇಸ್‌ಬಾಲ್ ಲೀಗಿನಲ್ಲಿ ಅವರ ಜೊತೆ ಅಂಪೈರಾಗಿ ನಿಲ್ಲುವ ಗುರುಶಾಂತಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಎದೆಕವಚದ ಪಟ್ಟಿ ಬಿಚ್ಚುತ್ತಿದ್ದರು. ಕೈಗಿಂತ ಬಾಯಿ ಚುರುಕು.

"ಅಲ್ರೀ ಸತ್ಯವ್ವಾರ, ಎರಡು ಸಾಲು ಸಾರಿ ಅಂತ ಬರದು ಒಗದ್ರ ನಿಮ್ಮ ಗಂಟೇನು ಹೋಗ್ತದ್ರೀ? ನಾಳೆ ಫೈನಲ್ಲು. ಬ್ಯಾಟು ಬೀಸೋರ ಬೆನ್ನಿಗೆ, ಪ್ಲೇಟಿನ ಹಿಂದ, ನೀವ ನಿಂದರಬೇಕು."

"ಗಂಟು ಹೋಗಲ್ಲ. ಬೆನ್ನುಮೂಳೆ ಹೋಗತ್ತೆ."

ಹಿಂದಿನ ವಾರದ ಆಟದಲ್ಲಿ ಡಾಕ್ಟರ್ ಜಗನ್ನಾಥನ ಮಗಳು ಸಂಯುಕ್ತಾ ಬ್ಯಾಟು ಬೀಸಿದಾಗ ಚೆಂಡು ಬಂದು ಅವಳ ಬೆರಳಿಗೆ ಬಡಿದಿತ್ತು. ಆಗಲೇ ಎರಡು ಸ್ಟ್ರೈಕ್ ಆಗಿದ್ದವು; ಮೂರಾದರೆ ಔಟ್. ಸತ್ಯವತಿ ಆಟ ನಿಲ್ಲಿಸಿ, ಬೆರಳು ಮಡಿಸಿ ನೋಡಿ, ಕೋಚನ್ನು ಕರೆದು, ಆಮೇಲೆ ಮೂರನೇ ಸ್ಟ್ರೈಕು, ಔಟ್ ಎಂದರು. ಅಳುತ್ತಿದ್ದ ಮಗುವಿಗೆ ಔಟ್! ಗ್ಯಾಲರಿಯೆಲ್ಲ ಕೂಗಾಡಿತು.

ಭಾರತದಲ್ಲಿರುವ ಅಜ್ಜ-ಅಜ್ಜಿಯರಿಗಾಗಿ ಫೋನಿನಲ್ಲಿ ಕನ್ನಡ ಕಾಮೆಂಟರಿ ಕೊಡುತ್ತಿದ್ದವನು ಜಗನ್ನಾಥನೇ. ಬೆಂಗಳೂರಿನಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಅಲ್ಲಿ ಬ್ಯಾಟು ಹಿಡಿದ ಗ್ಲೌಸು ಬ್ಯಾಟಿನದೇ ಭಾಗ. "ಕೈಗೆ ತಾಗಿದ್ರೆ ಬ್ಯಾಟಿಗೆ ತಾಗಿದ ಹಾಗೇ, ಇದು ಫೌಲು, ಇನ್ನೊಂದು ಚಾನ್ಸ್ ಕೊಡ್ಬೇಕು! ಈ ಅಂಪೈರಮ್ಮನಿಗೆ ರೂಲ್ಸು ಯಾರು ಹೇಳಿಕೊಟ್ರೋ!" ಎಂದುಬಿಟ್ಟ. ಆ ತುಣುಕು ವಾಟ್ಸಾಪಿನಲ್ಲಿ ಮನೆಮನೆ ಸುತ್ತಿತು. ದೂರು ಹೋಯಿತು. ತೀರ್ಪು ಏನೇ ಇರಲಿ, ಗಲಾಟೆ ಬೇಡ, ಬರವಣಿಗೆಯಲ್ಲಿ ಕ್ಷಮೆ ಕೇಳಿ, ಇಲ್ಲವಾದರೆ ಫೈನಲ್ಲಿಗೆ ಬೇರೆಯವರು ಎಂದಿತು ಲೀಗು.

ಸತ್ಯವತಿ ವಾರವೆಲ್ಲ ಉತ್ತರ ಬರೆಯಲಿಲ್ಲ. ಜಗನ್ನಾಥ ಓದಿದವನು, ನಿಯಮ ತೆಗೆದು ನೋಡಿ ತಾನೇ ತಿದ್ದಿಕೊಂಡಾನು ಎಂದು ಕಾದರು.

"ಟೀವಿ ಮಂದೀನೂ ಹಂಗ ತಪ್ಪು ರೂಲ್ಸು ಹೇಳ್ತಾರ್ರೀ," ಎಂದರು ಗುರುಶಾಂತಪ್ಪ. "ಓಡಾಂವ ಫಸ್ಟ್ ಬೇಸ್ ದಾಟಿ ಎಡಕ್ಕ ಹೊಳ್ಳಿದ್ರ ಸಾಕು, ಚೆಂಡು ಮುಟ್ಟಿಸಿದ್ರ ಔಟ್ ಅಂತ ಒದರ್ತಾರ. ಅಂವ ಮುಂದಿನ ಬೇಸಿಗೆ ಹೊಂಟಿದ್ರಷ್ಟ ಔಟು! ಬರೇ ಎಡಕ್ಕ ಹೊಳ್ಳೂದು ಅಪರಾಧ ಏನ್ರೀ?"

ಅಷ್ಟರಲ್ಲಿ ಪಕ್ಕದ ಗೇಟು ತಳ್ಳಿಕೊಂಡು ಜಗನ್ನಾಥನೇ ಬಂದ. ಕೈಯಲ್ಲಿ ಮೈಸೂರುಪಾಕಿನ ಡಬ್ಬ.

"ಆಂಟಿ, ರೂಲ್ ಬುಕ್ಕು ನೋಡ್ದೆ. ನೀವು ಹೇಳಿದ್ದೇ ಕರೆಕ್ಟು."

ಸತ್ಯವತಿಗೆ ಎದೆ ಹಗುರಾಯಿತು. "ಹಾಗಾದ್ರೆ ನಾಳೆ ಕಾಮೆಂಟರೀಲಿ ಹೇಳಿಬಿಡಪ್ಪ."

"ಅದೇ ಕಷ್ಟ ಆಂಟಿ. ಎಲ್ರೆದುರಿಗೆ ಹೇಗೆ... ನೀವೇ ಲೀಗಿಗೆ ಸಾರಿ ಅಂತ ಬರೆದು ಕಳಿಸಿಬಿಡಿ. ಮ್ಯಾಟರ್ ಕ್ಲೋಸು. ಫೈನಲ್ಲೂ ನಿಮ್ದೇ."

"ತಪ್ಪು ನಿಂದು, ಸಾರಿ ನಂದಾ?"

"ದೊಡ್ಡವರು ನೀವು..."

"ದೊಡ್ಡವಳು ಅಂತಲೇ ಹೇಳ್ತೀನಿ. ಮೈಕಲ್ಲಿ ಹೇಳಿದ್ದನ್ನ ಹಿತ್ತಲಲ್ಲಿ ವಾಪಸ್ ತಗೊಂಡ್ರೆ ಆಗಲ್ಲ. ನಿನ್ ಮಗಳು ಇವತ್ತಿಗೂ ನಾನು ಅವಳಿಗೆ ಮೋಸ ಮಾಡ್ದೆ ಅಂತಲೇ ಅಂದ್ಕೊಂಡಿದಾಳೆ, ಅಲ್ವಾ?"

ಸತ್ಯವತಿ ಸೆರಗಿಗೆ ಕೈ ಒರೆಸಿಕೊಂಡು, ಲೀಗಿಗೆ ಉತ್ತರ ಬರೆಯಲು ಫೋನು ತೆಗೆದರು. ಒಂದೊಂದೇ ಅಕ್ಷರ ಒತ್ತುತ್ತಾ, ಬರೆದದ್ದನ್ನು ಅವನಿಗೆ ಕೇಳುವಂತೆ ಕನ್ನಡದಲ್ಲಿ ಹೇಳುತ್ತಾ ಹೋದರು:

"ಬ್ಯಾಟು ಬೀಸಿದವರ ಕೈಗೆ ಚೆಂಡು ತಾಗಿದರೆ ಅದು ಸ್ಟ್ರೈಕು. ನನ್ನ ತೀರ್ಪು ಸರಿ. ಕ್ಷಮೆ ಕೇಳುವುದಿಲ್ಲ. ಫೈನಲ್ಲಿಗೆ ಬೇಕಾದವರನ್ನು ನಿಲ್ಲಿಸಿಕೊಳ್ಳಿ. ಮುಂದಿನ ವರ್ಷ ಕರೆದರೂ ಇದೇ ತೀರ್ಪು ಕೊಡುತ್ತೇನೆ."

"ಆಂಟಿ, ಪ್ಲೀಸ್, ಫೈನಲ್ ಹೋಗತ್ತೆ!"

"ಹೋಗ್ಲಿ."

ಗುರುಶಾಂತಪ್ಪ ಕುರ್ಚಿಯಿಂದೆದ್ದರು. "ತಡೀರಿ. ನನ್ನ ಹೆಸರೂ ಕೆಳಗ ಹಾಕ್ರಿ, ನೀವಿಲ್ಲಂದ್ರ ನಾನೂ ನಿಂದರೂದಿಲ್ಲ. ನಾಳೆ ಯಾರನ್ನ ನಿಲ್ಲಸ್ತಾರ ನೋಡೂಣು."

ಸತ್ಯವತಿ ಆ ಹೆಸರನ್ನೂ ಸೇರಿಸಿ, ಕನ್ನಡಕ ಮೇಲೇರಿಸಿ ಮತ್ತೊಮ್ಮೆ ಓದಿ, ಪತ್ರ ಕಳಿಸಿದರು.