ಕುದುರೆ ನೋಡಲು ಬಂದವಳು

ಕುದುರೆಯ ಮೇವಿನ ಬಕೆಟ್ಟಿನ ತಳಕ್ಕೆ ಅಂಟಿದ್ದ ಬೆಲ್ಲದ ಪಾಕವನ್ನು ನೀರಜಾ ಬೆರಳಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದಳು. ಬೆಲ್ಲದ ವಾಸನೆಯ ಅಡಿಯಲ್ಲಿ ಮಾತ್ರೆ ಅರೆದ ಹಾಗಿನ ಇನ್ನೊಂದು ವಾಸನೆ ಇತ್ತು. ನಾಲಿಗೆಯ ತುದಿಗೆ ತಾಗಿಸಿ ನೋಡಿ ಕೂಡಲೇ ಉಗಿದಳು. ಎಷ್ಟು ಉಗಿದರೂ ಕಹಿ ಹೋಗಲಿಲ್ಲ.

ಲಾಯದ ಬಾಗಿಲಲ್ಲಿ ಗುರುದೇವಿ ಕುದುರೆಯ ಬಾಲ ಬಾಚುತ್ತಿದ್ದಳು. ಚೆಲುವಿ ನಾಲ್ಕೂ ಕಾಲುಗಳನ್ನು ಸರಿಯಾಗಿ ಊರಿ ನಿಂತಿತ್ತು. ಎಷ್ಟೋ ವಾರಗಳಿಂದ ಅದು ಮುಂದಿನ ಎಡಗಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ನಿಲ್ಲುತ್ತಿದ್ದುದನ್ನು ನೀರಜಾ ಕಂಡಿದ್ದಳು.

"ಗುರುದೇವಕ್ಕ, ಇದ್ರಗೆ ಎಂತ ಹಾಕಿದ್ರಿ?"

ಗುರುದೇವಿ ತಿರುಗಿಯೂ ನೋಡಲಿಲ್ಲ. "ಡಾಕ್ಟರ್ ಕೊಟ್ಟ ನೋವಿನ ಪುಡಿ. ನಿನ್ನಿಯಿಂದ ಹಾಕಾಕತ್ತೇನಿ. ನೋಡ, ಹೆಂಗ ನಿಂತೈತಿ, ಮದಲಗಿತ್ತಿ ಹಂಗ."

ಆ ಹೊತ್ತಿಗೆ ಕೊಳ್ಳುವ ಮುಂಚೆ ಕುದುರೆ ನೋಡಲು ಒಬ್ಬ ಹೆಂಗಸು ನಗರದ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡಿನಿಂದ ಹೊರಟಾಗಿತ್ತು.

ದೇಶ ಬಿಟ್ಟು ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ಗೆ ಬಂದ ಹೊಸತರಲ್ಲಿ ನೀರಜಾಗೆ ಗುರುದೇವಿಯೇ ದಿಕ್ಕಾಗಿದ್ದಳು. ವಿಮಾನದ ಊಟದ ಟ್ರೇ ತುಂಬುವ ಕೆಲಸಕ್ಕೆ ಸೇರಿಸಿದವಳು, ಕಾರು ಓಡಿಸಲು ಕಲಿಸಿದವಳು, ಬೆಳಗಾವಿ ಕಡೆಯ ಖಾರದ ಪುಡಿಯನ್ನು ಡಬ್ಬಿ ತುಂಬಿ ತಂದುಕೊಟ್ಟವಳು ಅವಳೇ. ನೀರಜಾಳ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ ಗಂಡ ಜಗನ್ನಾಥ ಯಾವುದೋ ದೂರದ ಊರಿನ ಹೋಟೆಲಿನಲ್ಲಿ ಅಡಿಗೆಗೆ ನಿಂತಿದ್ದ. ಆಸ್ಪತ್ರೆಯಲ್ಲಿ ಹೆರಿಗೆ ಮುಗಿಯುವವರೆಗೂ ಅವಳ ಕೈ ಹಿಡಿದುಕೊಂಡು ಕೂತವಳು ಗುರುದೇವಿ. "ಏನೂ ಆಗೂದಿಲ್ಲ, ನಾ ಅದೇನಿ" ಎಂದು ಮತ್ತೆ ಮತ್ತೆ ಹೇಳಿದ್ದಳು. ಆ ತಗ್ಗು ದನಿಯ ಆಸರೆಯಲ್ಲೇ ನೀರಜಾ ಆ ದಿನವನ್ನು ದಾಟಿದ್ದಳು.

ಮನೆ ಬಿಟ್ಟು ಹೊರಗೆ ಬಾರದೆ ಕೂತವಳನ್ನು ಕುದುರೆಯ ಹತ್ತಿರ ಕರೆತಂದವಳೂ ಗುರುದೇವಿಯೇ. ಇಬ್ಬರೂ ಸೇರಿ ಚೆಲುವಿಯನ್ನು ಕೊಂಡರು. ಅದು ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ತಳಿ. ಎರಡು ಗಾಲಿಯ ಹಗುರ ಗಾಡಿ ಕಟ್ಟಿ ಪಂದ್ಯ ಓಡಿಸಲೆಂದೇ ಬೆಳೆಸುವ ಕುದುರೆ. ಒಂದೇ ಮಗ್ಗುಲಿನ ಮುಂಗಾಲು ಹಿಂಗಾಲು ಒಟ್ಟಿಗೆ ಎತ್ತಿಟ್ಟು ಓಡುವುದು ಅದರ ರೂಢಿ. ಪಂದ್ಯದಿಂದ ಹೊರಬಿದ್ದ ಮೇಲೆ ಇಂಥವನ್ನು ಸವಾರಿಗೆಂದು ಕೊಳ್ಳುವವರು ಕಡಿಮೆ. ಬಾಡಿಗೆಯ ಆ ಲಾಯದಲ್ಲಿ ಕುದುರೆ ಕಟ್ಟುತ್ತಿದ್ದ ಉಳಿದ ಹೆಂಗಸರು ಅದನ್ನು ಗಾಡಿ ಕುದುರೆ ಎಂದು ನಗುತ್ತಿದ್ದರು. ನೀರಜಾಗೆ ಮಾತ್ರ ಅದರ ನಡಿಗೆ ಹಿಡಿಸಿಬಿಟ್ಟಿತು. ಭಾನುವಾರ ಹೌನ್ಸ್ಲೋ ಬಯಲಿನಲ್ಲಿ ಅದರ ಮೇಲೆ ಕೂತರೆ ಮೈ ಅತ್ತಿತ್ತ ತೂಗುತ್ತಿತ್ತು, ಕುಲುಕುತ್ತಿರಲಿಲ್ಲ. ತಲೆಯ ಮೇಲೆಯೇ ವಿಮಾನ ಇಳಿದರೂ ಚೆಲುವಿ ಕಿವಿ ನಿಮಿರಿಸುತ್ತಿರಲಿಲ್ಲ. ಮಗು ಹೋದ ಮೇಲೆ ನೀರಜಾ ಮೊದಲ ಸಲ ನಕ್ಕದ್ದು ಅದರ ಬೆನ್ನ ಮೇಲೆಯೇ.

ಗುರುದೇವಿಗೆ ಬರಬರುತ್ತ ಬೇಸರವಾಯಿತು. ಅವಳಿಗೆ ಉಳಿದವರ ಕುದುರೆಗಳಂತೆ ನೆಗೆದು ಓಡುವ ಕುದುರೆ ಬೇಕಿತ್ತು. ಅಷ್ಟರಲ್ಲಿ ಚೆಲುವಿ ಕುಂಟತೊಡಗಿತು. ಮುಂಗಾಲಿನ ಕೀಲು ಸವೆದಿದೆ, ಇನ್ನು ಇದರ ಮೇಲೆ ಯಾರೂ ಕೂರಬಾರದು ಎಂದು ಡಾಕ್ಟರು ಹೇಳಿ, ನೋವು ತಡೆಯದ ದಿನಕ್ಕೆಂದು ಪುಡಿ ಕೊಟ್ಟು ಹೋದರು. ನಿಜ ಹೇಳಿ, ಸುಮ್ಮನೆ ಮೇಯಿಸಿಕೊಂಡು ಇಟ್ಟುಕೊಳ್ಳುವವರಿಗೆ ಕೊಡೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದರು. ನೀರಜಾ ಹಾಗೆಂದೇ ನಂಬಿದ್ದಳು.

"ಬರುವವ್ರಿಗೆ ಕಾಲಿನ ವಿಷ್ಯ ಹೇಳಿದ್ರಿ ಅಲ್ದಾ?" ಎಂದು ಈಗ ಕೇಳಿದಳು.

"ನಮಗ ಮಾರಿದಾಂವ ಖರೇ ಹೇಳಿದ್ದನೇನ? ಆವಾಗೂ ಇದರ ಕಾಲು ಹಿಂಗ ಇದ್ದೀತು, ಪುಡಿ ಹಾಕಿ ನಿಲ್ಲಿಸಿದ್ದಾನು. ಇಲ್ಲಿ ಎಲ್ಲಾರೂ ಹಿಂಗ ಮಾಡ್ತಾರ. ಬರಾಕಿ ಏನ್ ನಮ್ಮ ಬಳಗದಾಕಿ ಏನು?" ಗುರುದೇವಿ ಬಾಚಣಿಕೆಯಲ್ಲಿ ಸಿಕ್ಕಿದ್ದ ಕೂದಲನ್ನು ಬಿಡಿಸಿ ಗಾಳಿಗೆ ಹಾರಿಬಿಟ್ಟಳು. "ನೀ ಮುಖ ಸರಿ ಮಾಡ್ಕೊ. ಬರೋ ಹೊತ್ತಾತು."

ಬಂದವಳ ಹೆಸರು ಪೌಲೀನ್. ಐವತ್ತು ದಾಟಿದ ದಪ್ಪ ಹೆಂಗಸು, ಶಾಲೆಯ ಅಡಿಗೆಮನೆಯಲ್ಲಿ ಕೆಲಸ. ರೈಲು ಬದಲಿಸಿ ಬಸ್ಸು ಹಿಡಿದು ಬಂದು ಏದುಸಿರು ಬಿಡುತ್ತಿದ್ದಳು. ಕ್ಯಾರೆಟ್ಟನ್ನು ಉದ್ದುದ್ದ ಹೆಚ್ಚಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು. ಚಿಕ್ಕಂದಿನಿಂದಲೂ ಕುದುರೆ ಸಾಕುವ ಆಸೆ, ಈಗ ಗೆಳತಿಯೊಬ್ಬಳ ಹೊಲದಲ್ಲಿ ಜಾಗ ಸಿಕ್ಕಿದೆ, ತನಗೆ ಧೈರ್ಯ ಕಡಿಮೆ, ಸಾಧು ಪ್ರಾಣಿ ಆದರೆ ಸಾಕು ಎಂದಳು. ಹೇಳುವಾಗ ಅವಳ ಕಣ್ಣು ಚೆಲುವಿಯ ಮೇಲೆಯೇ ಇತ್ತು.

ಮೊದಲು ಗುರುದೇವಿ ಹತ್ತಿ ಒಂದು ಸುತ್ತು ತೋರಿಸಿದಳು. ಚೆಲುವಿ ಹಳೆಯ ದಿನಗಳ ಹಾಗೆಯೇ ತೇಲುತ್ತ ಹೋಯಿತು. ಏನೂ ತಿಳಿಯದೆ, ನೋವಿಲ್ಲದ ಸಂತೋಷಕ್ಕೆ ಕುತ್ತಿಗೆ ಕೊಂಕಿಸಿಕೊಂಡು ಹೋಗುತ್ತಿದ್ದ ಅದನ್ನು ನೋಡಲಾಗದೆ ನೀರಜಾ ಬೇಲಿಯ ಕಂಬ ಹಿಡಿದುಕೊಂಡಳು. ಬಾಯಲ್ಲಿ ಆ ಕಹಿ ಇನ್ನೂ ಇತ್ತು.

ಆಮೇಲೆ ಪೌಲೀನ್ ಹತ್ತಿದಳು. ಹತ್ತಿ ಕೂತವಳು ಜೀನಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಗುರುದೇವಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು, ಏನೂ ಆಗುವುದಿಲ್ಲ, ನಾನಿದ್ದೇನೆ.

ಭಾಷೆ ಬೇರೆಯಾದರೂ ಆಸ್ಪತ್ರೆಯಲ್ಲಿ ನೀರಜಾ ಕೇಳಿದ್ದ ಅದೇ ದನಿ, ಅದೇ ಇಳಿತ. ಬೆರಳಿನ ಮೇಲೆ ಹೆಬ್ಬೆರಳು ಸವರುವ ರೀತಿಯೂ ಅದೇ. ಆವತ್ತಿನ ಅಕ್ಕರೆ ನಿಜವೇ ಇದ್ದಿರಬೇಕು. ನಿಜವೇ ಆಗಿದ್ದರೆ, ಅದನ್ನೇ ಇಲ್ಲಿ ಮೋಸಕ್ಕೆ ಬಳಸುವುದು ಇನ್ನೂ ಹೇಸಿಗೆ ಎನಿಸಿತು.

ಪೌಲೀನ್ ಒಂದು ಸುತ್ತು ಹೋದಳು. ಅಷ್ಟೂ ಭಾರ ಸವೆದ ಕೀಲಿನ ಮೇಲೆ ಬೀಳುತ್ತಿತ್ತು. ನೀರಜಾ ಸುಮ್ಮನೆ ನಿಂತಿದ್ದಳು. ಹೇಳಬೇಕೆಂದು ಬಾಯಿ ತೆರೆದಾಗ ಗುರುದೇವಿ, ಹವಾಮಾನದ ಮಾತಾಡುವವಳ ಹಾಗೆ, ನಗುನಗುತ್ತಲೇ ಕನ್ನಡದಲ್ಲಿ ಅಂದಳು. "ಸುಮ್ಮ ನಿಂದ್ರು. ನಕ್ಕೋತ ನಿಂದ್ರು."

ಹತ್ತಿರ ಬಂದ ಪೌಲೀನ್ ಅವಳು ಹೇಳಿದ್ದೇನೆಂದು ಕೇಳಿದಳು. ಕುದುರೆಗೆ ನೀವು ಹಿಡಿಸಿದ್ದೀರಿ ಅಂದೆ ಎಂದಳು ಗುರುದೇವಿ. ಪೌಲೀನಳ ಮುಖ ಅರಳಿತು. ಹೌದಾ ಎಂಬಂತೆ ನೀರಜಾಳ ಕಡೆ ನೋಡಿದಳು.

"ಅವಳು ಹಾಗೆ ಹೇಳಲಿಲ್ಲ," ಎಂದಳು ನೀರಜಾ ಇಂಗ್ಲಿಷಿನಲ್ಲಿ. "ನಗ್ತಾ ನಿಂತಿರು ಅಂತ ನನಗೆ ಹೇಳಿದ್ದು."

ಮುಂದಿನದು ತಾನಾಗಿಯೇ ಬಂತು. ಕಾಲಿನ ಕೀಲು, ಡಾಕ್ಟರ ಮಾತು, ಪುಡಿ. ಪೌಲೀನ್ ಕಷ್ಟಪಟ್ಟು ಇಳಿಯತೊಡಗಿದಳು. ನೀರಜಾ ಆಸರೆಗೆ ಕೈ ಚಾಚಿದರೆ ಮುಟ್ಟಬೇಡ ಎಂದಳು.

"ನಾನು ಸುತ್ತು ಹಾಕುವಾಗ ನೀನೂ ಇಲ್ಲೇ ನಿಂತಿದ್ದೆಯಲ್ಲ."

ಪೌಲೀನ್ ಇಬ್ಬರನ್ನೂ ಒಂದೇ ಬಗೆಯವರೆಂಬಂತೆ ನೋಡಿದಳು. ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡಳು. ಚೆಲುವಿಯ ಹಣೆಯನ್ನು ಒಮ್ಮೆ ಸವರಿ, ಕ್ಯಾರೆಟ್ ಡಬ್ಬಿಯ ಮುಚ್ಚಳ ಒತ್ತಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.

ಗುರುದೇವಿ ಕೂಗಾಡಲಿಲ್ಲ. ಜೀನು ಬಿಚ್ಚಿ ಗೋಡೆಯ ಗೂಟಕ್ಕೆ ಏರಿಸಿ ಬಂದು ಎದುರಿಗೆ ನಿಂತಳು.

"ಆ ದಿನ ದವಾಖಾನ್ಯಾಗ ನಿನ್ನ ಕೈ ಹಿಡಕೊಂಡು ಕುಂತಾಕಿ ನಾ. ಇವತ್ತ ಗುರ್ತಿಲ್ಲದಾಕಿ ನಿನಗ ಹೆಚ್ಚಾದ್ಲು."

ಮಗುವಿನ ವಿಷಯವನ್ನು ಅವಳು ಅದುವರೆಗೆ ಎಂದೂ ಹಾಗೆ ಎತ್ತಿರಲಿಲ್ಲ. ನೀರಜಾ ಲಾಯದ ಹಿಂದಕ್ಕೆ ಹೋಗಿ, ಗೊಬ್ಬರದ ರಾಶಿಯ ಪಕ್ಕದಲ್ಲಿ ಬಗ್ಗಿ ವಾಂತಿ ಮಾಡಿಕೊಂಡಳು. ತಿರುಗಿ ಬರುವಾಗ ಗುರುದೇವಿಯ ಕಾರು ಗೇಟು ದಾಟಿ ಹೋಗಿತ್ತು. ಸಂಜೆ ಪುಡಿಯ ಗುಣ ಇಳಿಯಿತು. ಚೆಲುವಿ ಮತ್ತೆ ಎಡಗಾಲನ್ನು ಮುಂದೆ ಚಾಚಿ ನಿಂತಿತು, ರಾತ್ರಿ ಮೇವನ್ನೂ ಮುಟ್ಟಲಿಲ್ಲ.

ಗುರುದೇವಿ ಮತ್ತೆ ಲಾಯಕ್ಕೆ ಬರಲಿಲ್ಲ, ಕುದುರೆ ನೀರಜಾಳಿಗೇ ಉಳಿಯಿತು. ಅದರ ಖರ್ಚಿಗೆಂದು ಅವಳು ಕೆಲಸದಲ್ಲಿ ರಾತ್ರಿ ಪಾಳಿಯನ್ನೂ ಹಿಡಿದಳು. ನಡೆದದ್ದನ್ನೆಲ್ಲ ಕೇಳಿದ ಜಗನ್ನಾಥ, ಕುಂಟುವ ಪ್ರಾಣಿಗೋಸ್ಕರ ಅಂಥವಳನ್ನು ಕಳಕೊಂಡೆಯಲ್ಲ ಎಂದ. ಕನ್ನಡ ಕೂಟದ ಊಟದಲ್ಲಿ ಗುರುದೇವಿ ಈ ಕಥೆಯನ್ನು ನಗೆಯ ಕಥೆ ಮಾಡಿ ಹೇಳಿದಳಂತೆ, ಕೇಳಿದವರು ಹೊಟ್ಟೆ ಹಿಡಿದು ನಕ್ಕರಂತೆ. ಒಬ್ಬರೂ ಇದು ತಪ್ಪಲ್ಲವೇ ಎಂದು ಕೇಳಲಿಲ್ಲವೆಂಬುದು ನೀರಜಾಗೆ ಆಮೇಲೆ ಗೊತ್ತಾಯಿತು. ಆ ಊಟಗಳಿಗೆ ಹೋಗುವುದನ್ನು ಅವಳು ಬಿಟ್ಟಳು. ಆದರೂ ಮನೆಯಲ್ಲಿ ಫೋನು ಹೊಡೆದುಕೊಂಡಾಗೆಲ್ಲ ಗುರುದೇವಕ್ಕನೇ ಇರಬಹುದೆಂದು ಆಸೆಯಿಂದ ಓಡಿ ಹೋಗಿ ಎತ್ತುತ್ತಿದ್ದಳು. ಆ ಆಸೆಗೇ ತನ್ನ ಮೇಲೆ ತನಗೆ ಹೇಸಿಗೆಯಾಗುತ್ತಿತ್ತು.

ಚಳಿಗಾಲ ಕಳೆಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನೀರಜಾ ಚೆಲುವಿಯನ್ನು ಹಗ್ಗ ಹಿಡಿದು ನಿಧಾನಕ್ಕೆ ನಡೆಸುತ್ತಿದ್ದಳು. ಬೇಲಿಯ ಆಚೆಯ ದಾರಿಯಲ್ಲಿ ಗೊರಸಿನ ಸದ್ದು ಕೇಳಿತು. ಹೊಸ ಕಂದು ಕುದುರೆಯ ಮೇಲೆ ಗುರುದೇವಿ ಬರುತ್ತಿದ್ದಳು. ನೆಟ್ಟಗೆ ಕೂತಿದ್ದಳು, ಚೆನ್ನಾಗಿಯೇ ಕಾಣುತ್ತಿದ್ದಳು. ನೀರಜಾಳ ಕಡೆ ನೋಡದೆ ಅವಳು ಕುದುರೆ ನಿಲ್ಲಿಸಿದಳು.

ಚೆಲುವಿ ತಲೆಯೆತ್ತಿ ಕೆನೆಯಿತು. ಹಗ್ಗ ಜಗ್ಗಿ, ನೀರಜಾಳನ್ನೂ ಎಳೆದುಕೊಂಡು ಕುಂಟುತ್ತ ಕುಂಟುತ್ತ ಬೇಲಿಯವರೆಗೆ ಹೋಯಿತು. ಗುರುದೇವಿ ಕೈಗವಸು ಕಳಚಿ ಅಂಗೈ ಚಾಚಿದಳು. ಅದರಲ್ಲಿ ಏನೂ ಇರಲಿಲ್ಲ. ಚೆಲುವಿ ಆ ಖಾಲಿ ಅಂಗೈಯನ್ನು ಕಣ್ಣು ಅರೆಮುಚ್ಚಿ ನೆಕ್ಕುತ್ತಲೇ ನಿಂತಿತು. ನೀರಜಾ ಹಗ್ಗ ಹಿಡಿದುಕೊಂಡು ಅದು ಮುಗಿಸುವುದನ್ನೇ ಕಾದಳು.