ಏಳನೇ ಕುಳಿಯ ಗಂಟೆ

ನಾನು ಒಂದು ಗಂಟೆ. ದೇವಸ್ಥಾನದ್ದಲ್ಲ, ಶಾಲೆಯದ್ದೂ ಅಲ್ಲ, ಗಾಲ್ಫ್ ಮೈದಾನದ್ದು. ನಗಬೇಡಿ! ಹುಟ್ಟಿದ್ದು ಎಲ್ಲ ಗಂಟೆಗಳಂತೆ ಎರಕದ ಕುಲುಮೆಯಲ್ಲೇ. ಕೊಡಗಿನ ಬೆಟ್ಟವೊಂದರ ಮೇಲೆ ಗಾಲ್ಫ್ ಮೈದಾನ ರೂಪಿಸುತ್ತಿದ್ದ ಉತ್ತಯ್ಯನವರು ನನ್ನನ್ನು ಕೊಂಡು ತಂದು ಏಳನೇ ಕುಳಿಯ ಪಕ್ಕ ತೂಗುಹಾಕಿದರು.

ಆ ಕುಳಿ ಅವರ ಹಠದ ಕೂಸು. ಚೆಂಡು ಹೊಡೆಯುವ ಜಾಗ ಈಚೆ, ಚೆಂಡು ಬೀಳಿಸಬೇಕಾದ ಕುಳಿ ಆಚೆ, ನಡುವೆ ಎತ್ತರದ ದಿಬ್ಬ. ಎಲ್ಲಿಗೆ ಹೊಡೆಯುತ್ತಿದ್ದೇವೆಂದೇ ಕಾಣದು. ಎಡಕ್ಕೆ ತಪ್ಪಿದರೆ ಚೆಂಡು ಪ್ರಪಾತದ ಪಾಲು. ಮುಂದೆ ಹೋದವರು ಆ ಕುಳಿಯ ಆಟ ಮುಗಿಸಿ ನನ್ನನ್ನು ಬಾರಿಸಬೇಕು, ಆಮೇಲೆಯೇ ಹಿಂದಿನವರು ಹೊಡೆಯಬೇಕು. ಇಲ್ಲದಿದ್ದರೆ ಯಾರದ್ದಾದರೂ ತಲೆ ಒಡೆಯುತ್ತದೆ.

“ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯ್ತಲ್ಲ! ಆ ದಿಬ್ಬ ಕಡಿಸ್ಬಾರ್ದಾ?” ಎಂದು ಅವರ ಹೆಂಡತಿ ದೇಚಮ್ಮ ಬೈಯುತ್ತಿದ್ದರು.

“ಎಲ್ಲ ಕಂಡ ಮೇಲೆ ಆಡೋದೇನು ಬಂತು, ಮಾರಾಯ್ತಿ?”

ಗಂಡನ ಬುದ್ಧಿವಾದ ತಪ್ಪಿಸಿಕೊಳ್ಳಲು ದೇಚಮ್ಮ ಯಾವಾಗಲೂ ಮುಂದೆ ಮುಂದೆ ಆಡಿಕೊಂಡು ಹೋಗುವವರು. ಎಲ್ಲರೂ ಒಂದೇಟು ಬಾರಿಸಿದರೆ ಅವರು ಎರಡು, ಬೇಗ ಬನ್ನಿ ಎಂದು. ಬೆಚ್ಚನೆಯ ಕೈ ಅವರದು. ನನಗೆ ಅವರೆಂದರೆ ಪ್ರಾಣ.

ಒಂದು ಮಳೆಗಾಲದ ಜ್ವರದಲ್ಲಿ ದೇಚಮ್ಮ ತೀರಿಕೊಂಡರು. ಮಳೆ ಕಳೆದ ಮೇಲೆ ಉತ್ತಯ್ಯನವರು ಒಬ್ಬರೇ ಆಡಲು ಬಂದರು. ಹಾಡಹಗಲೇ ಮಂಜು ಮುಸುಕಿತ್ತು. ನನ್ನ ಬಳಿ ನರಪಿಳ್ಳೆಯಿಲ್ಲ, ಗಾಳಿಯೂ ಇಲ್ಲ. ಆದರೂ ಯಾರೋ ನನ್ನ ಹಗ್ಗ ಹಿಡಿದರು. ಅಯ್ಯಪ್ಪಾ, ಎಂಥ ತಣ್ಣನೆಯ ಕೈ! ಎರಡೇಟು ಬಿತ್ತು. ನಾನು ಹೆದರಿ ಗಡಗಡ ನಡುಗಿದೆ. ದಿಬ್ಬದ ಆಚೆಯಿಂದ ಉತ್ತಯ್ಯನವರ ದನಿ ಕೇಳಿಸಿತು: “ಬಂದೆ, ಬಂದೆ ಮಾರಾಯ್ತಿ!”

ಅಂದಿನಿಂದ ಮಂಜು ಬಿದ್ದಾಗಲೆಲ್ಲ ಹೀಗೇ. ಕ್ರಮೇಣ ನನ್ನ ಹೆದರಿಕೆಯೂ ಹೋಯಿತು.

ಕ್ಲಬ್ಬಿಗೆ ಹೊಸ ಕಮಿಟಿ ಬಂತು. ಅಪಾಯದ ದಿಬ್ಬ, ಕಡಿಸೋಣ ಎಂದರು ಕಾರ್ಯದರ್ಶಿ ಬೆಳ್ಯಪ್ಪ. ಉತ್ತಯ್ಯನವರು ಕೈಮುಗಿದರು. “ಬೇಕಾದ್ರೆ ಉಳಿದದ್ದೆಲ್ಲ ಅಗೆದುಹಾಕಿ, ಅದೊಂದು ಬಿಡಿ. ಅವಳು ನನ್ನ ಕರೆಯೋದು ಅಲ್ಲಿ ಮಾತ್ರ.”

ಮುದುಕನಿಗೆ ಅರಳುಮರಳು ಎಂದರು. ಜೆಸಿಬಿ ಬಂದು ದಿಬ್ಬ ನೆಲಸಮವಾಯಿತು. ನನ್ನನ್ನು ಕ್ಲಬ್ಬಿನ ಜಗಲಿಗೆ ತಂದು ಊಟದ ಗಂಟೆ ಮಾಡಿದರು. ಈಗ ನನಗೂ ವಯಸ್ಸಾಗಿದೆ, ಮೈಯೆಲ್ಲ ಕಿಲುಬು.

ಇವತ್ತು ತೆಳುವಾಗಿ ಮಂಜು ಬಿದ್ದಿದೆ. ಬೆಳ್ಯಪ್ಪ ಆಡಿ ಬಂದವರು ಗೊಣಗುತ್ತಿದ್ದರು: “ಉತ್ತಯ್ಯ ಏಳನೇ ಕುಳಿಗೆ ಹೊಡೀದೆ ನಿಂತುಬಿಟ್ಟಿದ್ದಾರೆ ಮಾರಾಯ್ರೇ. ಎದುರಿಗೆ ಖಾಲಿ ಉಂಟಲ್ಲ ಅಂದ್ರೆ, ‘ಅವಳಿನ್ನೂ ಮುಗ್ಸಿಲ್ಲ’ ಅಂತಾರೆ.”

ಅಷ್ಟರಲ್ಲಿ ಆ ತಣ್ಣನೆಯ ಕೈ ನನ್ನ ಹಗ್ಗ ಹಿಡಿಯಿತು. ನನ್ನನ್ನು ಹುಡುಕಿಕೊಂಡು ಇಲ್ಲಿಗೇ ಬಂದಿದ್ದಾರೆ ದೇಚಮ್ಮ! ಎರಡೇಟು. ಮತ್ತೆ ಎರಡು. ಮತ್ತೆ. ನಾನು ಎದೆಯೊಡೆಯುವಂತೆ ಕೂಗಿದೆ. ಏಳನೇ ಕುಳಿ ಬೆಟ್ಟದ ಆಚೆ ಮಗ್ಗುಲಲ್ಲಿದೆ. ಅಲ್ಲಿಗೆ ಕೇಳಿಸುವುದಿಲ್ಲ.

“ಥತ್, ಈ ಗಾಳಿಯ ಕಾಟ!” ಎಂದು ಬೆಳ್ಯಪ್ಪ ಎದ್ದು ಬಂದು ನನ್ನ ನಾಲಿಗೆಗೆ ಬಟ್ಟೆ ಸುತ್ತಿ ಕಟ್ಟಿದರು.

ಹಗ್ಗ ಮಾತ್ರ ಇನ್ನೂ ಜಗ್ಗುತ್ತಲೇ ಇದೆ.